ತಳಪಾಯಕ್ಕೇ ನಿಂತ ಮನೆಗಳು

ರಾಜ್ಯದ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ ಶೇ. 15ಕ್ಕೆ ಏರಿಸಲು 2025ರ ಜೂನ್‌ನಲ್ಲಿ ಸಚಿವ ಸಂಪುಟವು ನಿರ್ಧರಿಸಿದಾಗ ಬಿಜೆಪಿಯು ಅದನ್ನು ಓಲೈಕೆ ಎಂದು ಕರೆಯಿತು. ನಮ್ಮವರಲ್ಲಿ ಹಲವರು ಮನೆಯ ಬೀಗದ ಕೈಯೇ ಕೈಗೆ ಬಂದಂತೆ ಹರ್ಷಪಟ್ಟರು. ಟಿ.ವಿ. ಚರ್ಚೆಗಳೂ ಅದೇ ಧಾಟಿಯಲ್ಲಿ ಸಾಗಿದವು. ಆದರೆ ಈ ಶೇ. 15 ಹೊಸತೇನೂ ಅಲ್ಲ. ಕೇಂದ್ರ ಸರಕಾರವು 2006ರ ಜೂನ್‌ನಲ್ಲಿ ಪ್ರಕಟಿಸಿದ ಪ್ರಧಾನ ಮಂತ್ರಿಗಳ ಹೊಸ 15 ಅಂಶಗಳ ಕಾರ್ಯಕ್ರಮದಲ್ಲಿ, ಸಾಧ್ಯವಿರುವ ಯೋಜನೆಗಳಲ್ಲೆಲ್ಲ ಶೇ. 15ರಷ್ಟು ಗುರಿ ಮತ್ತು ಅನುದಾನವನ್ನು ಅಲ್ಪಸಂಖ್ಯಾತರಿಗೆ ಮೀಸಲಿಡಬೇಕೆಂದು ಹೇಳಲಾಗಿತ್ತು. ಅಂದಿನ ಇಂದಿರಾ ಆವಾಸ್ ಯೋಜನೆಯೂ ಅದರ ವ್ಯಾಪ್ತಿಯೊಳಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯ ವರದಿ ಬಂತು. ಹತ್ತೊಂಬತ್ತು ವರ್ಷಗಳ ಬಳಿಕ ನಾವು ಅದೇ ಅಂಕಿಯ ಸುತ್ತ ಜಗಳಕ್ಕೆ ನಿಂತಿದ್ದೇವೆ. ಶೇಕಡಾವಾರು ಎಂಬುದು ವಿಧಾನಸೌಧದಲ್ಲಿ ನಿರ್ಧಾರವಾಗುತ್ತದೆ. ಮನೆ ಮಾತ್ರ ಗ್ರಾಮ ಪಂಚಾಯತ್‌ನಲ್ಲಿ ನಿರ್ಧಾರವಾಗುತ್ತದೆ. ಈ ಎರಡರ ನಡುವಿನ ದಾರಿಯಲ್ಲಿ ನಮ್ಮ ಬಡವರು ಎಲ್ಲಿ ಬಿದ್ದುಹೋಗುತ್ತಿದ್ದಾರೆ ಎಂಬುದು ಈ ವಾರದ ನಮ್ಮ ಪ್ರಶ್ನೆ.

ಬಸವಾಪಟ್ಟಣವನ್ನೇ ತೆಗೆದುಕೊಳ್ಳೋಣ. ಚನ್ನಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಊರು. ಪಾಳೆಯಗಾರರ ಕಾಲದ ಕೋಟೆಯ ನೆನಪು ಒಂದೆಡೆ, ಸೂಳೆಕೆರೆಯ ಸೀಮೆಯ ಅಡಿಕೆ ತೋಟಗಳು ಇನ್ನೊಂದೆಡೆ. ಅಡಿಕೆಯ ನಾಡಿನಲ್ಲಿ ಹಣವಿದೆ ಎಂದು ಹೊರಗಿನವರು ಭಾವಿಸುತ್ತಾರೆ. ಹಣವಿರುವುದು ತೋಟವಿದ್ದವರ ಬಳಿ. ಖೇಣಿ ಮನೆಯಲ್ಲಿ ಅಡಿಕೆ ಸುಲಿಯುವ ಹೆಂಗಸಿಗೆ, ಗಾರೆ ಕೆಲಸದವನಿಗೆ, ಹಮಾಲಿಗೆ, ಹಳೆ ಹಾಸಿಗೆಯ ಹತ್ತಿಯನ್ನು ಹಿಂಜಿ ಹೊಸದು ಮಾಡಿಕೊಡುವವನಿಗೆ ಅಡಿಕೆಯ ಬೆಲೆ ಏರಿದಾಗ ಸಿಗುವುದು ಒಂದೇ: ಊರಂಚಿನ ನೆಲದ ಬೆಲೆಯೂ ಏರುತ್ತದೆ. ಮನೆ ಕಟ್ಟಲು ಸರಕಾರ ನೆರವು ಕೊಡುತ್ತದೆ, ಸರಿ. ಕಟ್ಟುವುದು ಎಲ್ಲಿ?

ಇಲ್ಲಿಯೇ ಮೊದಲ ಗಂಟು. ಕರ್ನಾಟಕದಲ್ಲಿ ವಸತಿ ಯೋಜನೆಗಳಿಗೆ ಬರವಿಲ್ಲ. 1991-92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಬಳಿಕ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ವಿಧವೆಯರು, ಅಂಗವಿಕಲರು ಮೊದಲಾದವರಿಗೆ ದೇವರಾಜ ಅರಸು ವಸತಿ ಯೋಜನೆ. ಕೇಂದ್ರದ ಇಂದಿರಾ ಆವಾಸ್ ಯೋಜನೆಯ ಸ್ಥಾನದಲ್ಲಿ 2016ರಿಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ). ಇವೆಲ್ಲವೂ ಬಹುಮಟ್ಟಿಗೆ ಸ್ವಂತ ನಿವೇಶನವುಳ್ಳ ಬಡವನನ್ನು ಕಣ್ಣಮುಂದಿಟ್ಟುಕೊಂಡು ನಡೆಯುತ್ತವೆ. ನಿವೇಶನವಿಲ್ಲದವರಿಗೆ ನಿವೇಶನ ಕೊಡುವ ಹೊಣೆ ಸರಕಾರದ್ದೇ ಎಂದು ನಿಯಮ ಹೇಳುತ್ತದೆ. ಆದರೆ ಗ್ರಾಮಠಾಣಾದಲ್ಲಿ ಜಾಗ ಇರಬೇಕು, ಇಲ್ಲವಾದರೆ ಖಾಸಗಿ ಜಮೀನು ಖರೀದಿಸಬೇಕು, ಬಡಾವಣೆ ಮಾಡಬೇಕು, ಹಕ್ಕುಪತ್ರ ಹಂಚಬೇಕು. ಅಷ್ಟರಲ್ಲಿ ಅರ್ಜಿ ಕೊಟ್ಟವಳ ಮಗಳಿಗೆ ಮದುವೆಯಾಗಿ ಅವಳೂ ಬಾಡಿಗೆ ಮನೆ ಹುಡುಕುತ್ತಿರುತ್ತಾಳೆ.

ಇನ್ನು ಜಾಗವಿದ್ದೂ ಕಾಗದವಿಲ್ಲದವರ ಪಾಡು. ಅಜ್ಜನ ಹೆಸರಿನಲ್ಲಿದ್ದ ಖಾತೆ ಅಜ್ಜನ ಹೆಸರಿನಲ್ಲೇ ಇದೆ. ಮೂವರು ಮಕ್ಕಳು, ಎಂಟು ಮಂದಿ ಮೊಮ್ಮಕ್ಕಳು ಅದೇ ಜಾಗದಲ್ಲಿ ತಗಡು ಹಾಕಿಕೊಂಡು ಬದುಕುತ್ತಿದ್ದಾರೆ. ಪಾಲು ಆಗಿಲ್ಲ, ಆದ್ದರಿಂದ ಇ-ಸ್ವತ್ತು ಇಲ್ಲ, ಆದ್ದರಿಂದ ಮನೆ ಇಲ್ಲ. ಮರಣಾನಂತರ ಆಸ್ತಿಯನ್ನು ಹೇಗೆ ಹಂಚಬೇಕೆಂದು ಇಷ್ಟು ನಿಖರವಾಗಿ ಕಲಿಸಿದ ಧರ್ಮ ಬೇರೊಂದಿಲ್ಲ ಎಂದು ವೇದಿಕೆಗಳಲ್ಲಿ ನಾವು ಹೆಮ್ಮೆಪಡುತ್ತೇವೆ. ಕುರ್‌ಆನಿನ ಅನ್ನಿಸಾ ಅಧ್ಯಾಯದ ಪಾಲುಗಳನ್ನು ಬಾಯಿಪಾಠ ಹೇಳುವವರು ಪ್ರತಿ ಜಮಾಅತ್‌ನಲ್ಲೂ ಇದ್ದಾರೆ. ಆದರೆ ಎರಡು ತಲೆಮಾರುಗಳಿಂದ ಪಾಲಾಗದ ಮೂವತ್ತು-ನಲವತ್ತು ಅಡಿಯ ಜಾಗಗಳು ನಮ್ಮ ಮೊಹಲ್ಲಾಗಳಲ್ಲೇ ಹೆಚ್ಚು ಕಾಣಸಿಗುವುದೇಕೆ? ಸಹೋದರಿಯರ ಪಾಲನ್ನು ಕೊಡಬೇಕಾಗುತ್ತದೆ ಎಂಬ ಭಯ ಇದರ ಹಿಂದೆ ಇಲ್ಲವೆಂದು ಯಾರಾದರೂ ಎದೆಮುಟ್ಟಿ ಹೇಳಬಲ್ಲರೇ?

ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ವರ್ಷಗಳಿಂದ ವಾಸವಿರುವವರಿಗೆ ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಸಕ್ರಮಕ್ಕೆ ಅವಕಾಶ ಕಲ್ಪಿಸಲಾಯಿತು. ಅರ್ಜಿಯ ಅವಧಿ ಹಲವು ಬಾರಿ ವಿಸ್ತರಣೆಯಾಯಿತು. ಈ ಕಲಮಿನ ಹೆಸರನ್ನೇ ಕೇಳದ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಮಸೀದಿ, ದರ್ಗಾಗಳಿಗೆ ಸೇರಿದ ವಕ್ಫ್ ಜಾಗದಲ್ಲಿ ಅಲ್ಪ ಬಾಡಿಗೆ ಕೊಟ್ಟು ತಲೆತಲಾಂತರದಿಂದ ಇರುವ ಬಡ ಕುಟುಂಬಗಳಿವೆ. ವಕ್ಫ್ ಆಸ್ತಿಯನ್ನು ಮಾರುವಂತಿಲ್ಲ, ಯಾರ ಹೆಸರಿಗೂ ಬರೆದುಕೊಡುವಂತಿಲ್ಲ, ಅದು ಸರಿಯೇ. ಆದರೆ ಆ ಜಾಗದ ಮೇಲೆ ಸರಕಾರದ ಮನೆ ಮಂಜೂರಾಗದು ಎಂಬುದನ್ನು ಆ ಕುಟುಂಬಗಳಿಗೆ ಸ್ಪಷ್ಟವಾಗಿ ತಿಳಿಸಿ, ಬೇರೆಡೆ ನಿವೇಶನಕ್ಕೆ ಅರ್ಜಿ ಹಾಕಿಸುವ ಹೊಣೆ ಕಮಿಟಿಯದ್ದಲ್ಲವೇ? ಬಾಡಿಗೆ ರಸೀದಿ ಹರಿದುಕೊಡುವುದಕ್ಕೆ ಮಾತ್ರ ಮುತವಲ್ಲಿ ಇರುವುದಲ್ಲ.

ಕಾಗದವೂ ಸರಿಯಾಯಿತು, ಗ್ರಾಮಸಭೆಯಲ್ಲಿ ಹೆಸರೂ ಬಂತು ಎಂದಿಟ್ಟುಕೊಳ್ಳಿ. ಎರಡನೆಯ ಗಂಟು ಆಗ ಎದುರಾಗುತ್ತದೆ, ಮತ್ತು ನಮ್ಮ ದೃಷ್ಟಿಯಲ್ಲಿ ಇದೇ ಅತ್ಯಂತ ಕ್ರೂರವಾದುದು. ಬಯಲು ಸೀಮೆಯಲ್ಲಿ ಕೇಂದ್ರ ಯೋಜನೆಯ ನೆರವು ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ. 2016ರಲ್ಲಿ ನಿಗದಿಯಾದ ಮೊತ್ತವಿದು. 2024ರಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಯೋಜನೆಯನ್ನು ವಿಸ್ತರಿಸಿದಾಗಲೂ ಈ ಮೊತ್ತವನ್ನು ಮುಟ್ಟಲಿಲ್ಲ. ಸಿಮೆಂಟು, ಕಬ್ಬಿಣ, ಮರಳು, ಗಾರೆಯವನ ಕೂಲಿ ಯಾವುದೂ 2016ರಲ್ಲಿ ನಿಂತಿಲ್ಲ. ಕನಿಷ್ಠ 25 ಚದರ ಮೀಟರಿನ ಮನೆಯೊಂದು ಇಷ್ಟು ಹಣದಲ್ಲಿ ಮುಗಿಯದು ಎಂಬುದನ್ನು ತಿಳಿಯಲು ಇಂಜಿನಿಯರನೇ ಬೇಕಿಲ್ಲ. ಅದಕ್ಕಿಂತ ದೊಡ್ಡ ತೊಡಕು ಹಣ ಬರುವ ಕ್ರಮದ್ದು. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಗಳಿವೆ. ಒಂದು ಹಂತ ಮುಗಿದು, ಅದರ ಜಿಪಿಎಸ್ ಚಿತ್ರ ನಿಗಮಕ್ಕೆ ತಲುಪಿದ ಬಳಿಕವಷ್ಟೇ ಆ ಹಂತದ ಕಂತು. ಅಂದರೆ, ಏನೂ ಇಲ್ಲದ್ದರಿಂದಲೇ ಆಯ್ಕೆಯಾದ ಬಡವಳು ಮೊದಲು ತನ್ನ ಕೈಯಿಂದ ತಳಪಾಯ ಹಾಕಿ ತೋರಿಸಬೇಕು!

ಆ ಹಣ ಎಲ್ಲಿಂದ ಬರುತ್ತದೆ? ಕೇಂದ್ರ ಯೋಜನೆಯಲ್ಲಿ ಬಯಸಿದವರಿಗೆ 70 ಸಾವಿರ ರೂಪಾಯಿಯವರೆಗೆ ಬ್ಯಾಂಕ್ ಸಾಲಕ್ಕೆ ನೆರವಾಗುವ ಏರ್ಪಾಡಿದೆ. ಬಡ್ಡಿಯೆಂದು ನಮ್ಮವರು ಅದರಿಂದ ಹಿಂದೆ ಸರಿಯುತ್ತಾರೆ. ಆ ಅಳುಕನ್ನು ನಾವು ಗೌರವಿಸುತ್ತೇವೆ. ಆದರೆ ಬ್ಯಾಂಕಿನ ಬಡ್ಡಿಗೆ ಅಂಜಿದ ಅದೇ ಕುಟುಂಬ ಮರುವಾರವೇ ಮೈಕ್ರೋಫೈನಾನ್ಸ್ ಸಂಘದ ಗುಂಪಿನಲ್ಲಿ ಕುಳಿತು ಅದಕ್ಕಿಂತ ದುಬಾರಿ ಬಡ್ಡಿಯ ಸಾಲಕ್ಕೆ ಹೆಬ್ಬೆಟ್ಟು ಒತ್ತುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ವಸೂಲಿಯ ಕಿರುಕುಳ ಎಲ್ಲಿಗೆ ಮುಟ್ಟಿತ್ತೆಂದರೆ, ಅದನ್ನು ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಜುಮುಅದ ಪ್ರವಚನದಲ್ಲಿ ಬಡ್ಡಿ ಹರಾಮ್ ಎಂದು ಹೇಳಿ ಇಳಿಯುವ ಖತೀಬರಿಗೆ ನಮ್ಮದೊಂದು ವಿನಂತಿ: ಬಡ್ಡಿಯಿಲ್ಲದ ಸಾಲ ಯಾವ ಮನೆಯ ಬಾಗಿಲಲ್ಲಿ ಸಿಗುತ್ತದೆ ಎಂಬುದನ್ನೂ ಅದೇ ಮಿಂಬರಿನಿಂದ ಹೇಳುವಂತಾಗಲಿ. ಆ ಬಾಗಿಲೇ ಇಲ್ಲದಿದ್ದರೆ ಹರಾಮ್ ಎಂಬ ಎಚ್ಚರಿಕೆಯು ಬಡವನ ಕಿವಿಗೆ ನಿಂದೆಯಂತೆ ಕೇಳಿಸುತ್ತದೆ.

ಈ ಬಾಗಿಲನ್ನು ತೆರೆಯುವುದು ಕಷ್ಟವೇನಲ್ಲ. ಐದು ಲಕ್ಷ ರೂಪಾಯಿಯ ನಿಧಿಯೊಂದಿದ್ದರೆ, ತಳಪಾಯಕ್ಕೆಂದು ತಲಾ 50 ಸಾವಿರದಂತೆ ಹತ್ತು ಕುಟುಂಬಗಳಿಗೆ ಕರ್ಝೆ ಹಸನ ಕೊಡಬಹುದು. ಮೊದಲ ಕಂತು ಬಂದ ಕೂಡಲೇ ಹಣ ಹಿಂದಿರುಗಲಿ ಎಂದು ಪೀಡಿಸಬಾರದು. ಆ ಕಂತು ಗೋಡೆಗೆ ಬೇಕು. ಕೊನೆಯ ಕಂತು ಬಂದಾಗ ಮರುಪಾವತಿ ಆರಂಭವಾಗಲಿ. ಹಿಂದಿರುಗಿದ ಹಣ ಮುಂದಿನ ವರ್ಷದ ಹತ್ತು ತಳಪಾಯಗಳಿಗೆ. ಇಲ್ಲಿ ಶರೀಅತ್‌ನ ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಹನಫೀ ವಿದ್ವಾಂಸರ ಪ್ರಕಾರ ಝಕಾತ್ ಹಣವನ್ನು ಬಡವನ ಒಡೆತನಕ್ಕೆ ಒಪ್ಪಿಸಬೇಕು, ಅದನ್ನು ಸಾಲವಾಗಿ ಕೊಟ್ಟು ಮರಳಿ ಪಡೆಯುವಂತಿಲ್ಲ. ಆದ್ದರಿಂದ ಸಾಲದ ನಿಧಿಯು ಸದಕಾ ಮತ್ತು ದೇಣಿಗೆಯಿಂದ ನಿಲ್ಲಬೇಕು. 1.20 ಲಕ್ಷಕ್ಕೂ ನಿಜವಾದ ಖರ್ಚಿಗೂ ನಡುವೆ ಉಳಿಯುವ ಕಂದಕವನ್ನು ಝಕಾತ್ ತುಂಬಬೇಕು, ದಾನವಾಗಿ. ಮಸೀದಿಯ ಹಣವನ್ನು ಬೇರೆ ಕೆಲಸಕ್ಕೆ ಬಳಸಲಾಗದು ಎಂಬ ಕಮಿಟಿಗಳ ಆಕ್ಷೇಪ ಸರಿಯಾದುದೇ. ಪ್ರತ್ಯೇಕ ಖಾತೆ ತೆರೆದರೆ ಆ ಆಕ್ಷೇಪಕ್ಕೆ ಎಡೆಯಿಲ್ಲ. ಮಿನಾರಕ್ಕೆ ಮಾರ್ಬಲ್ ಹೊದಿಸಲು ಪ್ರತ್ಯೇಕ ರಸೀದಿ ಪುಸ್ತಕ ಮುದ್ರಿಸಲು ಬರುವವರಿಗೆ ಇದು ಬಾರದೇ? ಮದೀನದಲ್ಲಿ ಪ್ರವಾದಿ(ಸ)ರವರ ಮಸೀದಿಗೆ ಹೊಂದಿಕೊಂಡೇ ಮನೆಯಿಲ್ಲದವರಿಗಾಗಿ ಸುಫ್ಫಾ ಎಂಬ ಚಪ್ಪರವಿತ್ತು. ಅದೇ ಮಸೀದಿಯ ಮಾಡು ಖರ್ಜೂರದ ಗರಿಯದ್ದಾಗಿತ್ತು.

ದುರಸ್ತಿಯ ವಿಚಾರದಲ್ಲಿ ಸರಕಾರ ಹಿಂದಡಿಯಿಟ್ಟಿದೆ. ಇಂದಿರಾ ಆವಾಸ್ ಯೋಜನೆಯಲ್ಲಿ ಒಂದು ಕಾಲಕ್ಕೆ ಅನುದಾನದ ಶೇ. 20ರವರೆಗೆ ಕಚ್ಚಾ ಮನೆಗಳನ್ನು ಸುಧಾರಿಸಲು ಬಳಸಬಹುದಾಗಿತ್ತು. ಪ್ರಧಾನ ಮಂತ್ರಿ ಆವಾಸ್ ಯೋಜನೆ ಹೊಸ ಮನೆಯನ್ನಷ್ಟೇ ಬಲ್ಲದು. ಮಳೆಗೆ ಮನೆ ಬಿದ್ದರೆ ಪರಿಹಾರವಿದೆ. 2019ರ ಪ್ರವಾಹದಲ್ಲಿ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಗಿತ್ತು. ಆದರೆ ಬೀಳದೆ, ನಿಲ್ಲದೆ, ಪ್ರತಿ ಆಷಾಢದಲ್ಲೂ ಸೋರುತ್ತಾ ಇರುವ ಮಣ್ಣಿನ ಗೋಡೆಯ ಮನೆಗೆ ಯಾವ ಶೀರ್ಷಿಕೆಯಡಿಯಲ್ಲೂ ಹಣವಿಲ್ಲ. ನಮ್ಮಲ್ಲೂ ಅಷ್ಟೆ. ‘ಅವಳಿಗೆ ಸ್ವಂತ ಮನೆಯಿದೆ, ಝಕಾತ್ ಸಲ್ಲದು’ ಎಂದು ಅರ್ಜಿ ಬದಿಗಿಡುವ ಕಮಿಟಿಗಳಿವೆ. ವಾಸದ ಮನೆಯು ಮೂಲಭೂತ ಅಗತ್ಯಗಳಲ್ಲಿ ಸೇರುತ್ತದೆ, ನಿಸಾಬ್‌ನ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಫಿಕ್‌ಹ್‌ನ ಪ್ರಾಥಮಿಕ ಪಾಠ. ಸೋರುವ ಮನೆಯ ಒಡತಿಯೂ ಝಕಾತ್‌ಗೆ ಅರ್ಹಳೇ. ಇಪ್ಪತ್ತು ತಗಡು, ನಾಲ್ಕು ತೊಲೆ, ಎರಡು ದಿನದ ಕೂಲಿ: ಅನೇಕ ಮನೆಗಳಿಗೆ ಇಷ್ಟೇ ಸಾಕು.

ಲಂಚದ ಕುರಿತೂ ಒಂದು ಮಾತು. ವಸತಿ ನಿಗಮದ ಮನೆಗಳು ಹಣ ಕೊಟ್ಟವರಿಗೆ ಹಂಚಿಕೆಯಾಗುತ್ತಿವೆ ಎಂದು 2025ರ ಜೂನ್‌ನಲ್ಲಿ ಆಳಂದದ ಶಾಸಕ, ಆಡಳಿತ ಪಕ್ಷದವರೇ ಆದ ಬಿ.ಆರ್. ಪಾಟೀಲರು ಆರೋಪಿಸಿದರು. ವಸತಿ ಸಚಿವರು ನಮ್ಮ ಸಮುದಾಯದವರೆಂಬ ಕಾರಣಕ್ಕೆ ನಮ್ಮ ಕೆಲವು ಮುಖಂಡರಿಗೆ ಈ ಆರೋಪ ಕಿವಿಗೆ ಬೀಳಲಿಲ್ಲ. ಸಚಿವರು ಯಾರೇ ಇರಲಿ, ಆರೋಪದ ತನಿಖೆ ಆಗಬೇಕು. ಲಂಚ ಕೊಡಲಾಗದೆ ಪಟ್ಟಿಯಿಂದ ಬಿದ್ದುಹೋಗುವವರಲ್ಲಿ ನಮ್ಮವರೂ ಇದ್ದಾರೆ ಎಂಬುದಷ್ಟೇ ಇದಕ್ಕೆ ಸಾಕಾದ ಕಾರಣ. ಅವರಿಲ್ಲದಿದ್ದರೂ ಆಗಬೇಕಿತ್ತು.

ಈ ಯೋಜನೆಗಳಲ್ಲಿ ನಮಗೆ ತುಂಬ ಮೆಚ್ಚುಗೆಯಾದ ಅಂಶವೆಂದರೆ, ಮನೆಯು ಸಾಮಾನ್ಯವಾಗಿ ಕುಟುಂಬದ ಮಹಿಳೆಯ ಹೆಸರಿಗೆ ಮಂಜೂರಾಗುತ್ತದೆ. ಕೇಂದ್ರದ ಯೋಜನೆಯಲ್ಲಿ ಪತಿ-ಪತ್ನಿಯರ ಜಂಟಿ ಹೆಸರಿಗೂ ಅವಕಾಶವಿದೆ. ಸ್ತ್ರೀಗೆ ಸ್ವಂತ ಆಸ್ತಿಯ ಹಕ್ಕನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಇಸ್ಲಾಮ್ ಕೊಟ್ಟಿದೆ ಎನ್ನುವ ನಾವು ಇದನ್ನು ಸಂತೋಷದಿಂದ ಸ್ವಾಗತಿಸಬೇಕಿತ್ತು. ಆದರೆ ಹಕ್ಕುಪತ್ರ ಪತ್ನಿಯ ಹೆಸರಿನಲ್ಲಿ, ಅದರ ಟ್ರಂಕಿನ ಬೀಗ ಪತಿಯ ಕೈಯಲ್ಲಿ ಎಂಬ ಪರಿಸ್ಥಿತಿ ಹಲವೆಡೆ ಇದೆ. ತಲಾಕ್ ಆದರೆ ಹೊರಹೋಗುವವಳು ಅವಳೇ! ಅವಳ ಹೆಸರಿನ ಮನೆಯಿಂದ ಅವಳನ್ನು ಹೊರಹಾಕುವುದು ಕಾನೂನಿಗೂ ಶರೀಅತ್‌ಗೂ ವಿರುದ್ಧವೆಂದು ಪಂಚಾಯಿತಿಗೆ ಕುಳಿತ ಜಮಾಅತ್‌ನ ಹಿರಿಯರು ಗಟ್ಟಿಯಾಗಿ ಹೇಳಬೇಕು.

ಮುಂದಿನ ಪಟ್ಟಿಯ ಮಾತು ಉಳಿಯಿತು. 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯಲ್ಲಿ ಹೆಸರು ತಪ್ಪಿದವರು, ಇಲ್ಲವೇ ತಪ್ಪು ಮಾಹಿತಿ ದಾಖಲಾದವರು ವರ್ಷಗಟ್ಟಲೆ ಅದರ ಶಿಕ್ಷೆ ಅನುಭವಿಸಿದರು. ಹಳೆಯ ಬೈಕೊಂದು ಇದ್ದುದಕ್ಕೆ ಅನರ್ಹನಾದ ಮೆಕ್ಯಾನಿಕ್ ಯಾವ ಊರಿನಲ್ಲಿಲ್ಲ? 2024ರಲ್ಲಿ ದ್ವಿಚಕ್ರ ವಾಹನ, ರೆಫ್ರಿಜರೇಟರ್‌ಗಳ ನಿಬಂಧನೆಯನ್ನು ಕೈಬಿಟ್ಟು, ತಿಂಗಳ ಆದಾಯದ ಮಿತಿಯನ್ನು 10 ಸಾವಿರದಿಂದ 15 ಸಾವಿರಕ್ಕೆ ಏರಿಸಲಾಯಿತು. 2025ರಲ್ಲಿ ಆವಾಸ್ ಪ್ಲಸ್ ಸಮೀಕ್ಷೆಯೂ ನಡೆಯಿತು. ಆ ಪಟ್ಟಿಯನ್ನು ಗ್ರಾಮಸಭೆಯ ಮುಂದೆ ಓದಿಸಬೇಕು, ಬಿಟ್ಟುಹೋದ ಹೆಸರಿಗೆ ಅಲ್ಲಿಯೇ ಆಕ್ಷೇಪ ದಾಖಲಿಸಬೇಕು. ಮೇಕೆ ಕಳೆದುಹೋದರೆ ಮಸೀದಿಯ ಮೈಕಿನಲ್ಲಿ ಕೂಗಿಸುತ್ತೇವೆ. ಗ್ರಾಮಸಭೆಯ ದಿನಾಂಕವನ್ನೂ ಅದೇ ಮೈಕಿನಲ್ಲಿ, ಹಿಂದಿನ ಜುಮುಅದಂದೇ ತಿಳಿಸಲಿ. ಪ್ರತಿ ಜಮಾಅತ್ ಓದುಬರಹ ಬಲ್ಲ ಇಬ್ಬರು ಯುವಕರನ್ನೂ ಇಬ್ಬರು ಯುವತಿಯರನ್ನೂ ಈ ಕೆಲಸಕ್ಕೆ ನೇಮಿಸಿ, ಮನೆಮನೆಗೆ ಹೋಗಿ ಖಾತೆ, ಇ-ಸ್ವತ್ತು, ಆಧಾರ್, ಬ್ಯಾಂಕ್ ಪುಸ್ತಕಗಳನ್ನು ಪರಿಶೀಲಿಸುವಂತೆ ಮಾಡಲಿ. ಯುವತಿಯರು ಏಕೆಂದರೆ, ಅರ್ಜಿದಾರರು ಮಹಿಳೆಯರು, ಹಗಲಿನಲ್ಲಿ ಮನೆಯಲ್ಲಿ ಸಿಗುವವರೂ ಅವರೇ. ಅಡಿಕೆಯ ಸುಗ್ಗಿಯಲ್ಲಾದರೆ ಅವರೂ ಸಿಗುವುದಿಲ್ಲ, ಖೇಣಿ ಮನೆಗೇ ಹೋಗಬೇಕಾದೀತು.