ಕರೆಂಟ್ ಕೊಟ್ಟ ಕುತ್ತಿಗೆ

ನಮ್ಮ ಊರುಗಳಲ್ಲಿ ರೇಡಿಯೋಥೆರಪಿ ಎಂದು ಹೇಳುವವರು ಕಡಿಮೆ. ‘ಕರೆಂಟ್ ಕೊಡಿಸ್ಕೊಂಡು ಬಂದ್ರು’ ಅನ್ನುತ್ತಾರೆ. ಕರೆಂಟ್ ಎಂದಮೇಲೆ ಸ್ವಿಚ್ ಆರಿಸಿದರೆ ಮುಗಿಯಬೇಕಲ್ಲ? ಕುತ್ತಿಗೆಯ ಕಪ್ಪು ಮಾಸುತ್ತದೆ, ಊಟ ಸೇರುತ್ತದೆ, ಮನೆಯವರೂ ಮುಗಿಯಿತೆಂದೇ ನಂಬುತ್ತಾರೆ. ಚರ್ಮದಡಿಯ ರಕ್ತನಾಳಗಳಲ್ಲಿ ಮಾತ್ರ ಅದರ ಕೆಲಸ ಆಗಿನ್ನೂ ನಡೆದೇ ಇರುತ್ತದೆ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಅಳತೆ), ವಾರಕ್ಕೆ 5 ದಿನ, ಆರೇಳು ವಾರ ವಿಕಿರಣ ಕೊಡುತ್ತಾರೆ. ಗಡ್ಡೆಯ ಜೊತೆ ದಾರಿಯಲ್ಲಿರುವ ಅಪಧಮನಿಗಳೂ ಪೆಟ್ಟು ತಿನ್ನುತ್ತವೆ. ವರ್ಷಗಳು ಕಳೆದಂತೆ ಅವುಗಳ ಒಳಪದರ ದಪ್ಪಗಾಗುತ್ತದೆ, ನಡುವಿನ ಸ್ನಾಯುಪದರ ನಾರಾಗುತ್ತದೆ, ನಾಳದ ಗೋಡೆಗೇ ರಕ್ತ ಉಣಿಸುವ ಕಿರುನಾಳಗಳು ಮುಚ್ಚಿಕೊಳ್ಳುತ್ತವೆ. ಕುತ್ತಿಗೆ ಮುಟ್ಟಿದರೆ ಹಲಗೆ.

ಅದೇ ಕುತ್ತಿಗೆಗೆ ಮತ್ತೆ ಕತ್ತರಿ ಹಾಕಬೇಕಾಗಿ ಬಂದಾಗ ಇದು ಗೊತ್ತಾಗುತ್ತದೆ. ಕ್ಯಾನ್ಸರ್ ಮರಳಿದೆ, ಇಲ್ಲವೇ ವಿಕಿರಣಕ್ಕೆ ದವಡೆಯ ಎಲುಬೇ ಸತ್ತಿದೆ ಎನ್ನಿ. ಕಾಲಿನ ಫಿಬುಲಾ ಎಲುಬನ್ನು ನಾಳಗಳ ಸಮೇತ ತಂದು ಹೊಸ ದವಡೆ ಕಟ್ಟಬೇಕು. ಸರ್ಜನ್ ಹಿಡಾಲ್ಗೊ 1989ರಲ್ಲಿ ವಿವರಿಸಿದ ಈ ವಿಧಾನ ಈಗ ನಮ್ಮ ದೊಡ್ಡ ಆಸ್ಪತ್ರೆಗಳಲ್ಲೂ ರೂಢಿಯಲ್ಲಿದೆ. ಕಾಲಿನಿಂದ ಬಂದ ನಾಳ ವಿಕಿರಣ ಕಂಡಿಲ್ಲ. ಅದನ್ನು ಕೂಡಿಸಬೇಕಾದ ಕುತ್ತಿಗೆಯ ನಾಳ ಕಂಡಿದೆ. ಸೂಕ್ಷ್ಮದರ್ಶಕದ ಕೆಳಗೆ, ಎರಡು ಮೂರು ಮಿಲಿಮೀಟರ್ ಅಗಲದ ಆ ಅಪಧಮನಿಗೆ ಕೂದಲಿಗಿಂತ ತೆಳುವಾದ ನೈಲಾನ್ ದಾರದ ಸೂಜಿ ಚುಚ್ಚಿದರೆ ಒಳಪದರ ಈರುಳ್ಳಿ ಪೊರೆಯ ಹಾಗೆ ಬಿಟ್ಟುಕೊಳ್ಳಬಹುದು. ಆ ಪೊರೆಯ ಮೇಲೆ ರಕ್ತ ಹೆಪ್ಪುಗಟ್ಟಿತೋ, ದಿನವಿಡೀ ನಿಂತು ಕಟ್ಟಿದ್ದು ಕಪ್ಪಾಗುತ್ತದೆ. ಅದಕ್ಕೇ ಪಳಗಿದವರು ಸೂಜಿಯನ್ನು ಒಳಗಿನಿಂದ ಹೊರಕ್ಕೆ ತರುತ್ತಾರೆ, ಪೊರೆ ಗೋಡೆಗೆ ಅಂಟಿಕೊಂಡೇ ಇರಲಿ ಎಂದು.

ಹಾಗೆಂದು ವಿಕಿರಣವನ್ನು ದೂರುವುದು ಕೃತಘ್ನತೆ; ರೋಗಿ ಎರಡನೆಯ ಶಸ್ತ್ರಚಿಕಿತ್ಸೆಯವರೆಗೆ ಬದುಕಿದ್ದರೆ ಅದರಲ್ಲಿ ವಿಕಿರಣದ ಪಾಲೂ ಇದೆ. ನನ್ನ ತಕರಾರು ಇರುವುದು ‘ಗಾಯ ಮಾಗಲಿ, ಮರುಕಟ್ಟುವುದನ್ನು ಆಮೇಲೆ ನೋಡೋಣ’ ಎಂಬ ಮಾತಿನ ಮೇಲೆ. ಬೆಂಕಿಯ ಸುಟ್ಟಗಾಯ ಕಾದರೆ ಮಾಗುತ್ತದೆ. ಈ ನಾಳಗಳು ಕಾದಷ್ಟೂ ಬಿಗಿಯುತ್ತವೆ. ಬಾಯಿ ಕ್ಯಾನ್ಸರಿನಲ್ಲಿ ಮೊದಲು ಕತ್ತರಿಸಿ, ಅದೇ ದಿನ ಮರುಕಟ್ಟಿ, ಸುಮಾರು ಆರು ವಾರದೊಳಗೆ ವಿಕಿರಣ ಶುರು ಮಾಡುವ ಕ್ರಮದ ಜಾಣತನ ಇಲ್ಲಿದೆ: ಕಿರಣ ಬೀಳುವ ಹೊತ್ತಿಗೆ ಹೊಲಿಗೆ ಕೂಡಿಕೊಂಡಿರುತ್ತದೆ. ಈ ಕ್ರಮ ಎಲ್ಲರಿಗೂ ಒದಗದು. ಆದರೆ ಮರುಕಟ್ಟುವ ಸರ್ಜನ್ ಮೊದಲ ದಿನದ ಚರ್ಚೆಯಲ್ಲೇ ಕೂರಲು ಅಡ್ಡಿಯೇನು?

ವಿಕಿರಣ ಕಂಡ ಕುತ್ತಿಗೆಯಲ್ಲಿ ಸೋಲಿನ ಅಪಾಯ ಹೆಚ್ಚು, ನಿಜ. ಆದರೂ ಒಳ್ಳೆಯ ಕೈಗಳಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಗಳು ಗೆಲ್ಲುತ್ತವೆ. ಕುತ್ತಿಗೆಯ ಇನ್ನೊಂದು ಬದಿಯ ನಾಳ ಹುಡುಕಬಹುದು, ಕಾಲಿನ ಅಭಿಧಮನಿಯ ತುಂಡು ಸೇರಿಸಿ ದೂರದಿಂದ ರಕ್ತ ತರಬಹುದು. ಅದೂ ಆಗದಿದ್ದರೆ ಎದೆಯ ಸ್ನಾಯುವನ್ನು ಅದರ ನಾಳ ಕಡಿಯದೆ ಮೇಲಕ್ಕೆ ತಿರುಗಿಸುವ ಹಳೆಯ ದಾರಿ ಇದ್ದೇ ಇದೆ. ಇದನ್ನು ಸೋಲೆಂದು ನೋಡುವ ಕಿರಿಯ ವೈದ್ಯರು ಕಾವಸ್‌ಜಿಯನ್ನು ನೆನೆಯಬೇಕು. ಇಂಗ್ಲಿಷ್ ಪಡೆಯ ಎತ್ತಿನಗಾಡಿಯ ಆಳಾಗಿದ್ದ ಅವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿಯ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿದ. ಹುಬ್ಬುಗಳ ನಡುವೆ ಒಂದು ಎಳೆ ಚರ್ಮವನ್ನು ಕಡಿಯದೆ ಬಿಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಚಿತ್ರಸಮೇತ ಅಚ್ಚುಹಾಕಿತು. ಸೂಕ್ಷ್ಮದರ್ಶಕವಿಲ್ಲದ ಆ ಕೈಗೆ, ರಕ್ತ ಬರುವ ದಾರಿ ಮುಚ್ಚಬಾರದು ಎಂಬುದು ಗೊತ್ತಿತ್ತು.

ಇನ್ನೊಂದು ಸಣ್ಣ ಮಾತು. ಕರೆಂಟ್ ಮುಗಿದ ದಿನ ಆಸ್ಪತ್ರೆ ಒಂದು ಹಾಳೆ ಕೊಡುತ್ತದೆ: ಯಾವ ಭಾಗಕ್ಕೆ, ಎಷ್ಟು ಗ್ರೇ, ಯಾವತ್ತಿನಿಂದ ಯಾವತ್ತಿನವರೆಗೆ. ಹತ್ತು ವರ್ಷದ ಮೇಲೆ ಕುತ್ತಿಗೆ ಬಿಚ್ಚುವವರು ಮೊದಲು ಕೇಳುವುದು ಅದನ್ನೇ. ಜಮೀನಿನ ಪಹಣಿ ಇಡುವ ಪೆಟ್ಟಿಗೆಯಲ್ಲೇ ಅದನ್ನೂ ಇಡಿ.