ಗೆದ್ದೂ ಸೋಲುವ ಕೇಸು

ಇರಾನಿನ ಚಿತ್ರ ನಿರ್ದೇಶಕ ಜಾಫರ್ ಪನಾಹಿಗೆ 2010ರಲ್ಲಿ ಆರು ವರ್ಷ ಜೈಲು, ಇಪ್ಪತ್ತು ವರ್ಷ ಚಿತ್ರ ಮಾಡಕೂಡದೆಂಬ ಶಿಕ್ಷೆಯಾಯಿತು. ಮನುಷ್ಯ ಕದ್ದುಮುಚ್ಚಿ ಚಿತ್ರ ಮಾಡುತ್ತಲೇ ಹೋಗಿ 2025ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಪ್ರಶಸ್ತಿ ಗೆದ್ದರು. ನಾವೂ ಚಪ್ಪಾಳೆ ತಟ್ಟಿದೆವು. ದೂರದ ಸರ್ಕಾರವನ್ನು ಬೈಯಲು ಕಾಸು ಖರ್ಚಿಲ್ಲ.

ನಮ್ಮದೇ ಅಂಗಳಕ್ಕೆ ಬನ್ನಿ. ಮುಂಬೈಯ ಪರೇಲ್ ಸ್ಟೇಷನ್ನಿನ ಸೇತುವೆ ದಾಟಿ ಪಶ್ಚಿಮಕ್ಕಿಳಿದರೆ ಪ್ರಭಾದೇವಿ. ಅಲ್ಲಿನ ಭೂಪೇಶ್ ಗುಪ್ತ ಭವನದಲ್ಲಿ 2004ರ ಫೆಬ್ರುವರಿಯಲ್ಲಿ ‘ವಿಕಲ್ಪ’ ಎಂಬ ಪರ್ಯಾಯ ಚಿತ್ರೋತ್ಸವ ನಡೆಯಿತು. ಕಾರಣ, ಮುಂಬೈಯ ಸರ್ಕಾರಿ ಚಿತ್ರೋತ್ಸವ ಸ್ವದೇಶಿ ಸಾಕ್ಷ್ಯಚಿತ್ರಗಳಿಗೆ ಮಾತ್ರ ಸೆನ್ಸಾರ್ ಪತ್ರ ಕೇಳಿತ್ತು. ವಿದೇಶಿಯರಿಗೆ ಆ ತಾಪತ್ರಯವಿಲ್ಲ! ಪ್ರತಿಭಟನೆಗೆ ಮಣಿದು ನಿಯಮವೇನೋ ಹಿಂದಕ್ಕೆ ಹೋಯಿತು; ಕಸಿವಿಸಿಯ ಚಿತ್ರಗಳು ಆಯ್ಕೆಯಲ್ಲಿ ಉದುರಿದವು. ಗುಜರಾತ್ ಹಿಂಸಾಚಾರ ಕುರಿತ ರಾಕೇಶ್ ಶರ್ಮಾರ ‘ಫೈನಲ್ ಸೊಲ್ಯೂಷನ್’ ಅವುಗಳಲ್ಲೊಂದು. ಅದೇ ವರ್ಷ ಸೆನ್ಸಾರ್ ಮಂಡಳಿ ಅದನ್ನು ನಿಷೇಧಿಸಿದಾಗ ಶರ್ಮಾ ಪ್ರತಿಗಳನ್ನು ಪುಕ್ಕಟೆ ಹಂಚಿದರು. ಪಡೆದವರು ಇನ್ನೈದು ಪ್ರತಿ ಮಾಡಿ ದಾಟಿಸಬೇಕೆಂಬುದೊಂದೇ ಷರತ್ತು. ಕೆಲವೇ ತಿಂಗಳಲ್ಲಿ ನಿಷೇಧ ತೆರವಾಯಿತು.

ಇದೇ ಮುಂಬೈಯ ಸಾಕ್ಷ್ಯಚಿತ್ರಕಾರ ಆನಂದ್ ಪಟವರ್ಧನ್ ಜೈಲಿಗಿಂತ ಹೆಚ್ಚಾಗಿ ಕೋರ್ಟು ಕಂಡವರು. ‘ರಾಮ್ ಕೆ ನಾಮ್’ಗೆ ರಾಷ್ಟ್ರಪ್ರಶಸ್ತಿ ಕೊಟ್ಟಿದ್ದು ಸರ್ಕಾರ, ತೋರಿಸಲೊಲ್ಲೆ ಎಂದದ್ದು ಅದೇ ಸರ್ಕಾರದ ದೂರದರ್ಶನ. 1992ರ ಚಿತ್ರ ಹೈಕೋರ್ಟಿನ ಆದೇಶದಿಂದ 1997ರಲ್ಲಿ ಪ್ರಸಾರವಾಯಿತು. 1995ರ ‘ಪಿತೃ, ಪುತ್ರ ಔರ್ ಧರ್ಮಯುದ್ಧ’ದ ಪ್ರಸಾರಕ್ಕೆ ಸುಪ್ರೀಂ ಕೋರ್ಟ್ ಅಸ್ತು ಎನ್ನುವಷ್ಟರಲ್ಲಿ 2006 ಬಂದಿತ್ತು. ಅಣ್ವಸ್ತ್ರ ಪರೀಕ್ಷೆಗಳ ಸುತ್ತಣ ‘ಜಂಗ್ ಔರ್ ಅಮನ್’ಗೆ ಸೆನ್ಸಾರ್ ಸಮಿತಿ ಇಪ್ಪತ್ತೊಂದು ಕಡೆ ಕತ್ತರಿ ಕೇಳಿತು. ಪ್ರಧಾನಿ, ಮಂತ್ರಿಗಳು ಬಹಿರಂಗವಾಗಿ ಆಡಿದ ಮಾತೂ ಹೋಗಬೇಕಂತೆ! 2003ರಲ್ಲಿ ಬಾಂಬೆ ಹೈಕೋರ್ಟ್ ಒಂದೂ ಬೇಡ ಎಂದಿತು. 2019ರಲ್ಲಿ ‘ವಿವೇಕ್’ ಚಿತ್ರವನ್ನು ಕೇರಳದ ಉತ್ಸವದಲ್ಲಿ ತೋರಿಸಲಿಕ್ಕೂ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಪ್ರತಿ ಸಲವೂ ಗೆದ್ದರಲ್ಲ, ಇನ್ನೇನು ಎನ್ನುವವರಿದ್ದಾರೆ. ಅಯೋಧ್ಯೆ ಕುರಿತ ‘ರಾಮ್ ಕೆ ನಾಮ್’ ಅನ್ನು ಅಲ್ಲಿನ ಮಸೀದಿ ಉರುಳುವ ಮೊದಲು ಜನ ನೋಡಬೇಕಿತ್ತು. ತಡೆಹಿಡಿದವರಿಗೆ ಬೇಕಿದ್ದುದು ಆ ಐದು ವರ್ಷವೇ. ತೀರ್ಪು ಅದನ್ನು ವಾಪಸು ಕೊಡಲಿಲ್ಲ, ಯಾವ ಅಧಿಕಾರಿಯೂ ಲೆಕ್ಕ ಒಪ್ಪಿಸಲಿಲ್ಲ.

2021ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಚಲನಚಿತ್ರ ಮೇಲ್ಮನವಿ ನ್ಯಾಯಮಂಡಳಿಯನ್ನೇ ರದ್ದುಮಾಡಿತು. ಈಗ ಸೆನ್ಸಾರ್ ಸಮಿತಿಯ ಮೇಲಿನ ಅಹವಾಲಿಗೆ ನೇರ ಹೈಕೋರ್ಟೇ ಗತಿ. ನಿರ್ಮಾಪಕರಿಲ್ಲದೆ ಸ್ವಂತ ದುಡ್ಡಿನಲ್ಲಿ ಸಾಕ್ಷ್ಯಚಿತ್ರ ಮಾಡುವ ಹುಡುಗ ಹುಡುಗಿಯರು ವಕೀಲರ ಫೀಸು ಎಲ್ಲಿಂದ ತಂದಾರು? ಆ ನ್ಯಾಯಮಂಡಳಿಯನ್ನು ಮರಳಿ ತರಬೇಕು. ಕೋರ್ಟು ತಳ್ಳಿಹಾಕಿದ ಪ್ರತಿ ಕತ್ತರಿಗೂ ಸೆನ್ಸಾರ್ ಮಂಡಳಿಯೇ ಖರ್ಚು ತೆರಬೇಕು.