ಮೇಘದ ಮನೆಗೆ ಜಾವಾದ ಗಂಟು

ಗಣಕಯಂತ್ರದ ಉದ್ಯೋಗದಲ್ಲಿರುವ ಮಕ್ಕಳು ಇಂದು ಅನೇಕರ ಮನೆಗಳಲ್ಲಿ ಉಂಟು. ಅವರು ‘ಡಿಪ್ಲಾಯ್ ಮಾಡುವುದಿದೆ’ ಎಂದು ರಾತ್ರಿಯ ಊಟವನ್ನು ಮುಂದಕ್ಕೆ ಹಾಕುವಾಗ, ಆ ಕೆಲಸವೇನೆಂಬುದನ್ನು ಹಿರಿಯರೂ ಅರಿತಿರುವುದು ಯುಕ್ತವೆಂದೆಣಿಸಿ, ಈ ತಿಂಗಳು ಆ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ಜಾವಾ ಎಂಬ ಗಣಕಭಾಷೆಯನ್ನು 1995ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಹೊರತಂದಿತು. ಅದರಲ್ಲಿ ರಚಿಸಿದ ಜಾಲದ ಕಾರ್ಯಕ್ರಮವನ್ನು ಜನರ ಬಳಕೆಗೆ ಬಿಡುವುದು ಮೊದಲು ಪ್ರಯಾಸದ ಕೆಲಸವಾಗಿದ್ದಿತು. ಯಂತ್ರವೊಂದನ್ನು ಗೊತ್ತುಮಾಡಿ, ಅದರಲ್ಲಿ ಜಾವಾವನ್ನೂ ಟಾಮ್‌ಕ್ಯಾಟ್ ಮೊದಲಾದ ಸರ್ವರನ್ನೂ ನೆಲೆಗೊಳಿಸಿ, ಆಮೇಲೆ ‘ವಾರ್’ ಎಂಬ ಕಡತದ ಗಂಟನ್ನು ಅಲ್ಲಿಗೆ ಸಾಗಿಸಬೇಕಾಗಿತ್ತು. ಬರೆದವರ ಯಂತ್ರದಲ್ಲಿ ಹೊಸ ಜಾವಾ, ಅಲ್ಲಿ ಹಳೆಯ ಜಾವಾ ಇದ್ದರೆ ಶ್ರಮವೆಲ್ಲ ವ್ಯರ್ಥವಾಗುತ್ತಿದ್ದುದೂ ಉಂಟು.

ಈ ತೊಡಕನ್ನು ಬಿಡಿಸಿದುದು ‘ಕ್ಲೌಡ್’, ಎಂದರೆ ಮೇಘ. ಹೆಸರು ಆಕಾಶದ್ದಾದರೂ, ಇದು ದೂರದ ಕಟ್ಟಡಗಳಲ್ಲಿ ಬಾಡಿಗೆಗೆ ದೊರೆಯುವ ಯಂತ್ರಗಳ ಸಮೂಹವೇ ಸರಿ. ಗೂಗಲ್ ಆಪ್ ಎಂಜಿನ್ 2009ರಲ್ಲಿಯೂ ಹೆರೋಕು 2011ರಲ್ಲಿಯೂ ಜಾವಾಕ್ಕೆ ಬಾಗಿಲು ತೆರೆದವು. ಹೆರೋಕುವಿಗೆ ಮೂಲಬರಹವನ್ನು ಒಂದೇ ಆಜ್ಞೆಯಿಂದ ಕಳುಹಿಸಿದರೆ ಸಾಕು. ‘ಪಾಮ್’ ಎಂಬ ಸಾಮಗ್ರಿಗಳ ಪಟ್ಟಿಯನ್ನು ಕಂಡು, ಬೇಕಾದುದನ್ನು ತಾನೇ ತರಿಸಿ, ಕಟ್ಟಿ ನಡೆಯಿಸುತ್ತದೆ. 2014ರಲ್ಲಿ ಪೂರ್ಣರೂಪದಲ್ಲಿ ಬಂದ ಸ್ಪ್ರಿಂಗ್ ಬೂಟ್ ಸರ್ವರನ್ನೂ ಗಂಟಿನೊಳಗೇ ಸೇರಿಸಿಕೊಟ್ಟಿತು. ಒಲೆ ಪಾತ್ರೆಗಳನ್ನು ತಾನೇ ಹೊತ್ತೊಯ್ಯುವ ಯಾತ್ರಿಕನಿಗೆ ಛತ್ರದ ಅಡಿಗೆಮನೆಯ ಹಂಗೇಕೆ?

ಆದರೆ ಸೌಲಭ್ಯವು ಎಚ್ಚರಿಕೆಯನ್ನು ಕಳೆಯಬಾರದು. ಇಂಥ ಯಂತ್ರಗಳಲ್ಲಿ ಹಲವು ಛತ್ರದ ಕೋಣೆಯಂತೆ. ಹೆರೋಕುವಿನಲ್ಲಿ ಕಾರ್ಯಕ್ರಮವು ದಿನಕ್ಕೊಮ್ಮೆಯಾದರೂ ಹೊಸದಾಗಿ ಆರಂಭವಾಗುತ್ತದೆ; ಆಗ ಅಲ್ಲಿಯ ಡಿಸ್ಕಿನಲ್ಲಿ ಬರೆದಿಟ್ಟುದೆಲ್ಲ ಅಳಿದುಹೋಗುತ್ತದೆ. ಗ್ರಾಹಕರ ಲೆಕ್ಕವನ್ನೋ ಚಿತ್ರಗಳನ್ನೋ ಅಲ್ಲಿಯೇ ಇಟ್ಟವರಿಗೆ ಮರುದಿನ ಬರಿಯ ಗೋಡೆ ಮಾತ್ರ ಉಳಿದೀತು. ಅವುಗಳಿಗೆ ಬೇರೆಯೇ ದತ್ತಸಂಗ್ರಹವಿರಬೇಕು. ಗುಪ್ತಪದಗಳನ್ನು ಗಂಟಿನೊಳಗೆ ಕಟ್ಟದೆ, ವೇದಿಕೆಯು ಒದಗಿಸುವ ಪ್ರತ್ಯೇಕ ಸ್ಥಳದಲ್ಲಿಡಬೇಕು. ಬಾಡಿಗೆಯ ಕರಾರು ಬದಲಾಗುವುದೂ ಉಂಟು: ಹೆರೋಕುವಿನ ಉಚಿತ ವ್ಯವಸ್ಥೆಯು 2022ರ ನವೆಂಬರಿನಲ್ಲಿ ನಿಂತಿತು. ಆದಕಾರಣ ಮುಖ್ಯ ದಾಖಲೆಗಳ ಪ್ರತಿಯೊಂದು ತಮ್ಮ ಕೈಯಲ್ಲಿಯೂ ಇರಲಿ.

ಸಾಗಿಸುವ ಭಾರವನ್ನು ಮೇಘವು ಹೊರಬಲ್ಲುದು. ಯಾವುದನ್ನು ಕಾಪಾಡಬೇಕೆಂಬ ವಿವೇಕವು ಯಜಮಾನರದೇ. ಸ್ವಂತ ವ್ಯಾಪಾರಕ್ಕೆ ಇಂಥ ತಾಣವನ್ನು ಕಟ್ಟಿಸುವ ಗೃಹಸ್ಥರು, ‘ಈ ಯಂತ್ರವು ಈಗಲೇ ಅಳಿದರೆ ನಮ್ಮ ಲೆಕ್ಕವು ಎಲ್ಲಿರುವುದು?’ ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಲಿ. ಅದಕ್ಕೆ ಸ್ಪಷ್ಟವಾದ ಉತ್ತರ ದೊರೆತ ಮೇಲೆ ಹಣ ಕೊಡುವುದು ಲೇಸು.